ಶಿಕ್ಷಣ ಮತ್ತು ಅಂತರರಾಷ್ಟ್ರೀಯ ಅಭಿವೃದ್ಧಿ: ಸಾಲ ಮಾಡಿ ಹೋಗಿ ಓದುವಷ್ಟು ಇದೆಯೇ? ಹೋಗಿ ಬಂದವರು ಹೇಳಿ

ಸುರಪುರದವಳು:

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಒಂದು ಹಳ್ಳಿಯವಳು. ಬಿ.ಇಡಿ. ಆದ ಮೇಲೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡಿದೆ. ಕಳೆದ ಜೂನ್‌ನಿಂದ ಪಕ್ಕದ ಊರಿನ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಹತ್ತಿ ಬಿಡಿಸುವ ಕಾಲದಲ್ಲಿ ಯಾರಿಗೆ ಪಾಠ ಮಾಡುತ್ತೇನೆ ಎಂದು ಮಾತ್ರ ಕೇಳಬೇಡಿ.

ಬ್ರಿಟನ್ನಿನ ಒಂದು ವಿಶ್ವವಿದ್ಯಾಲಯದಿಂದ ‘ಶಿಕ್ಷಣ ಮತ್ತು ಅಂತರರಾಷ್ಟ್ರೀಯ ಅಭಿವೃದ್ಧಿ’ ವಿಷಯದ ಒಂದು ವರ್ಷದ ಎಂ.ಎ.ಗೆ ಪ್ರವೇಶ ಪತ್ರ ಬಂದಿದೆ. ವಿದ್ಯಾರ್ಥಿವೇತನ ಸಿಕ್ಕಿಲ್ಲ. ಶುಲ್ಕ, ಊಟ, ವಸತಿ ಎಲ್ಲ ಸೇರಿ 40 ಲಕ್ಷ ದಾಟುತ್ತದೆ. ಬ್ಯಾಂಕಿನವರು ಹೊಲದ ಪಹಣಿ ಕೇಳಿದ್ದಾರೆ. ಅಪ್ಪ ‘ನಿನಗೆ ತಿಳಿದ ಹಾಗೆ ಮಾಡು’ ಎನ್ನುತ್ತಾರೆ. ಅವ್ವ ಮಾತ್ರ ‘ಅಷ್ಟು ದೂರ ಹೋಗಿ ಓದಿ ಬಂದು ಇಲ್ಲಿ ಏನು ಮಾಡುತ್ತೀ’ ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

ಈ ಓದಿನಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಇಂಟರ್ನ್‌ಶಿಪ್ ಎಂದರೆ ಏನು ಕೆಲಸ ಕೊಡುತ್ತಾರೆ? ನಮ್ಮ ಭಾಗದಿಂದ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಎಲ್ಲರೂ ನಗುತ್ತಿದ್ದಾರೆ, ಅದರಿಂದ ಏನೂ ತಿಳಿಯುತ್ತಿಲ್ಲ.

ಶಹಾಪುರದಿಂದ:

ಸಾಲ ಮಾಡಿ ಹೋಗಿ ಬಂದವನು ನಾನು. ಮೊದಲು ಹಣದ ಮಾತು ಮುಗಿಸೋಣ. ವೀಸಾ ಅರ್ಜಿಗೆ ಮುನ್ನ ನಿಗದಿತ ಮೊತ್ತ ಸತತ 28 ದಿನ ಬ್ಯಾಂಕ್ ಖಾತೆಯಲ್ಲಿ ಇರಬೇಕು. ನಡುವೆ ಗೊಬ್ಬರಕ್ಕೆಂದು ಅಪ್ಪ ಹತ್ತು ಸಾವಿರ ತೆಗೆದು ಮೊತ್ತ ಅದಕ್ಕಿಂತ ಕೆಳಗೆ ಇಳಿದರೂ ಎಣಿಕೆ ಮತ್ತೆ ಮೊದಲಿನಿಂದ. ಆರೋಗ್ಯ ಶುಲ್ಕ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್, ಅದನ್ನು ವೀಸಾ ಜೊತೆಗೇ ಕಟ್ಟಬೇಕು. ಕ್ಷಯರೋಗ ಇಲ್ಲವೆಂಬ ಪರೀಕ್ಷೆ ಬೇರೆ. ಓದುವಾಗ ವಾರಕ್ಕೆ 20 ಗಂಟೆ ಮಾತ್ರ ದುಡಿಯಲು ಅವಕಾಶ. ಆ ದುಡಿಮೆ ಬಾಡಿಗೆಗೂ ಸಾಲದು.

ಇನ್ನು ಕೆಲಸ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈ 1ಕ್ಕೆ ಆ ನೆರವು ಹಂಚುತ್ತಿದ್ದ ಸರ್ಕಾರಿ ಸಂಸ್ಥೆ ಯುಎಸ್‌ಏಡ್ ಬಾಗಿಲೇ ಮುಚ್ಚಿತು. ಬ್ರಿಟನ್ ಕೂಡ ತನ್ನ ರಾಷ್ಟ್ರೀಯ ಆದಾಯದಲ್ಲಿ ನೆರವಿನ ಪಾಲನ್ನು ಶೇ 0.5ರಿಂದ 2027ಕ್ಕೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿದೆ. ಈ ಕ್ಷೇತ್ರದ ಅರ್ಧ ಅನ್ನ ಬೇಯುತ್ತಿದ್ದುದು ಇಂಥ ಹಣದಲ್ಲಿ. ಹತ್ತು-ಹದಿನೈದು ವರ್ಷ ಅನುಭವ ಇದ್ದವರು ಕೆಲಸ ಕಳೆದುಕೊಂಡು ನಾವು ಅರ್ಜಿ ಹಾಕುವ ಹುದ್ದೆಗಳಿಗೇ ಅರ್ಜಿ ಹಾಕುತ್ತಿದ್ದಾರೆ. ವಿಶ್ವಸಂಸ್ಥೆಯ ಸಚಿವಾಲಯದ ಇಂಟರ್ನ್‌ಶಿಪ್‌ಗಳಿಗೆ ಸಂಬಳವೇ ಇಲ್ಲ; ನ್ಯೂಯಾರ್ಕ್, ಜಿನೀವಾದಲ್ಲಿ ಸ್ವಂತ ಖರ್ಚಿನಲ್ಲಿ ಇರಬಲ್ಲವರ ಮಕ್ಕಳಿಗೆ ಅದು.

ನಾನು ಈಗ ಬೆಂಗಳೂರಿನಲ್ಲಿ ಒಂದು ಕಂಪನಿಯ ತರಬೇತಿ ವಿಭಾಗದಲ್ಲಿ ಇದ್ದೇನೆ, ಕಂತು ಕಟ್ಟುತ್ತಿದ್ದೇನೆ. ಪಾಠ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಪಹಣಿಯನ್ನು ಬ್ಯಾಂಕಿನ ಮೇಜಿನ ಮೇಲೆ ಇಡಬೇಡಿ.

ಭಾಲ್ಕಿಯವಳು:

ತಂಗಿ, ಶಹಾಪುರದ ಅಣ್ಣ ಹೇಳಿದ ಲೆಕ್ಕದಲ್ಲಿ ತಪ್ಪಿಲ್ಲ. ನಾನು ಓದಿನ ಒಳಗಿನ ಮಾತು ಹೇಳುತ್ತೇನೆ, ಉದ್ದವಾಗುತ್ತದೆ.

ನಾನು ಬೀದರ್ ಜಿಲ್ಲೆಯವಳು. ಹುಮನಾಬಾದಿನಲ್ಲಿ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲವು ವರ್ಷ ಕೆಲಸ ಮಾಡಿ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಲಂಡನ್ನಿಗೆ ಹೋಗಿ ಯುಸಿಎಲ್‌ನ (ಯುನಿವರ್ಸಿಟಿ ಕಾಲೇಜ್ ಲಂಡನ್) ಇನ್‌ಸ್ಟಿಟ್ಯೂಟ್ ಆಫ್ ಎಜುಕೇಶನ್‌ನಲ್ಲಿ ನೀವು ಹೇಳುವ ಇದೇ ವಿಷಯ ಓದಿದೆ. ಆ ಹಣ ಬರದಿದ್ದರೆ ಹೋಗುತ್ತಿರಲಿಲ್ಲ. ಈಗ ಕಲಬುರಗಿಯಲ್ಲಿ ಇದ್ದೇನೆ.

ಮೊದಲ ಅವಧಿಯ ತುಂಬ ಸಮ್ಮೇಳನಗಳ ಚರಿತ್ರೆ. 1990ರಲ್ಲಿ ಥಾಯ್ಲೆಂಡಿನ ಜೋಮ್ಟಿಯೆನ್‌ನಲ್ಲಿ ಎಲ್ಲರಿಗೂ ಶಿಕ್ಷಣ ಎಂದು ಘೋಷಣೆ, 2000ದಲ್ಲಿ ಡಾಕಾರ್‌ನಲ್ಲಿ ಅದೇ ಮಾತು ಹೊಸ ಗಡುವಿನೊಂದಿಗೆ, 2015ರಲ್ಲಿ ಇಂಚಾನ್‌ನಲ್ಲಿ ಮತ್ತೊಮ್ಮೆ, ಈ ಬಾರಿ ಗಡುವು 2030. ನಮ್ಮ ಕಡೆ ಗ್ರಾಮಸಭೆಯ ನಡಾವಳಿ ಓದಿದವರಿಗೆ ಇದು ಕಷ್ಟವಾಗುವುದಿಲ್ಲ. ಶಿಕ್ಷಣವನ್ನು ಬಂಡವಾಳವಾಗಿ ನೋಡುವವರು ಒಂದು ಕಡೆ, ಅಮರ್ತ್ಯ ಸೇನ್ ಹೇಳುವಂತೆ ಮನುಷ್ಯನ ಸಾಮರ್ಥ್ಯವಾಗಿ ನೋಡುವವರು ಇನ್ನೊಂದು ಕಡೆ. ನೀವು ಅರ್ಥಶಾಸ್ತ್ರ ಓದಿದವರು, ಈ ಭಾಗ ನಿಮಗೆ ಸಲೀಸು.

ನನ್ನ ನಿದ್ದೆ ಕೆಡಿಸಿದ್ದು ಬೇರೆ. ಗ್ರಂಥಾಲಯದಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ಮೇಲೆ ಓದುತ್ತಿದ್ದಾಗ ಮಹಿಳಾ ಸಮಾಖ್ಯೆಯ ವಿಷಯ ಬಂತು. 1980ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್ ಸರ್ಕಾರದ ನೆರವಿನಿಂದ ಶುರುವಾದ, ಹಳ್ಳಿಯ ಹೆಂಗಸರ ಸಂಘಗಳನ್ನು ಕಟ್ಟುವ ಕಾರ್ಯಕ್ರಮ. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಬೀದರ್ ಒಂದು. ನನ್ನ ಚಿಕ್ಕಮ್ಮ ಸಂಜೆ ಹೋಗುತ್ತಿದ್ದ ಸಂಘ ಅದು! ನಾವು ಮಕ್ಕಳು ಅವಳ ಸೆರಗು ಹಿಡಿದು ಹಿಂದೆ ಹೋಗುತ್ತಿದ್ದೆವು. ಅಂದೇ ರಾತ್ರಿ ಫೋನ್ ಮಾಡಿ, ‘ಚಿಕ್ಕಮ್ಮ, ನಿಮ್ಮ ಸಂಘಕ್ಕೆ ಡಚ್ಚರು ಹಣ ಕೊಡುತ್ತಿದ್ದರಂತೆ, ಗೊತ್ತೇ?’ ಎಂದೆ. ‘ಯಾವ ಡಚ್ಚರು? ನಮ್ಮ ಸಂಘಕ್ಕೆ ಬರುತ್ತಿದ್ದವಳು ಸಹಯೋಗಿನಿ. ಬಿಸಿಲಲ್ಲಿ ನಡೆದು ಬರುತ್ತಿದ್ದಳು, ನಾವೇ ನೀರು ಕೊಡುತ್ತಿದ್ದೆವು’ ಎಂದಳು. ಸಹಯೋಗಿನಿ ಎಂದರೆ ಹಳ್ಳಿ ಹಳ್ಳಿಗೆ ಹೋಗಿ ಸಂಘಗಳನ್ನು ನೋಡಿಕೊಳ್ಳುತ್ತಿದ್ದ ಕಾರ್ಯಕರ್ತೆ. ಮಾರನೆಯ ದಿನ ಸೆಮಿನಾರಿನಲ್ಲಿ ದಾನಿ ರಾಷ್ಟ್ರಗಳ ಪಾತ್ರದ ಚರ್ಚೆ ಇತ್ತು. ಚಿಕ್ಕಮ್ಮನ ಮಾತನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಪಾಠ ಮಾಡುವವರು ಅದನ್ನು ಬರೆದುಕೊಂಡರು. ಪ್ರಬಂಧದಲ್ಲಿ ಅದೇ ಮಾತು ಬರೆದಾಗ ‘ಆಧಾರ ಕೊಡಿ’ ಎಂದು ಅಂಚಿನಲ್ಲಿ ಕೆಂಪು ಗುರುತು ಹಾಕಿದರು, ಅದು ಬೇರೆ.

ಸಹಪಾಠಿಗಳು ಪುಸ್ತಕಕ್ಕಿಂತ ದೊಡ್ಡ ಪಾಠ. ಮಲಾವಿಯ ಶಿಕ್ಷಣ ಇಲಾಖೆಯಿಂದ ಬಂದಿದ್ದ ಒಬ್ಬರಿದ್ದರು, ನಮ್ಮೆಲ್ಲರಿಗಿಂತ ಹಿರಿಯರು. ಹೊರಗಿನ ದಾನಿಗಳ ತಂಡ ಬಂದಾಗ ಮೇಜಿನ ಆಚೆ ಬದಿ ಕುಳಿತು ವರ್ಷಗಟ್ಟಲೆ ತಲೆಯಾಡಿಸಿದವರು. ಯಾವ ಪ್ರಶ್ನೆಗೆ ಇಲಾಖೆಯವರು ಯಾವ ಉತ್ತರ ಕೊಡುತ್ತಾರೆ, ಯಾಕೆ ಹಾಗೆ ಕೊಡುತ್ತಾರೆ ಎಂದು ಕ್ಯಾಂಟೀನಿನಲ್ಲಿ ವಿವರಿಸುತ್ತಿದ್ದರು. ಅದಕ್ಕೆ ಅಂಕ ಇರಲಿಲ್ಲ.

ಎರಡನೇ ಅವಧಿಯಲ್ಲಿ ಅಳತೆಯ ವಿಷಯ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಭಾಗದ ಮಕ್ಕಳಿಗೆ ನೇರ ಸಂಬಂಧವಿದೆ. ಮಗು ಎಷ್ಟು ಓದುತ್ತದೆ ಎಂದು ಅಳೆಯಲು ಜಗತ್ತಿನ ಎಷ್ಟೋ ದೇಶಗಳಲ್ಲಿ ಬಳಸಿದ ಒಂದು ಉಪಕರಣವಿದೆ, ಹೆಸರು ಇಗ್ರಾ. 2006ರಲ್ಲಿ ಯುಎಸ್‌ಏಡ್ ಹಣದಲ್ಲಿ ಅಮೆರಿಕದ ಒಂದು ಸಂಸ್ಥೆ ಮಾಡಿದ್ದು. ಅದರ ಮುಖ್ಯ ಗುರುತು ನಿಮಿಷಕ್ಕೆ ಸರಿಯಾಗಿ ಓದಿದ ಪದಗಳು ಎಷ್ಟು ಎಂಬುದು. ಈಗ ನಮ್ಮ ಐದನೇ ತರಗತಿಯ ಹುಡುಗನಿಗೆ ‘ಮನೆಯವರೊಂದಿಗೆ’ ಎಂಬ ಪದ ಕೊಡಿ. ಇಂಗ್ಲಿಷಿನ ಹುಡುಗ ಮೂರು ಪದ ಓದಿ ಮೂರು ಅಂಕ ಪಡೆಯುವ ಹೊತ್ತಿಗೆ ನಮ್ಮವನು ಒಂದೇ ಪದದ ನಡುವೆ ಇರುತ್ತಾನೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಅಕ್ಷರಗಳ ರೂಪ ಅವನಿಗೆ ಕೈವಶವಾಗಬೇಕು. ಕನ್ನಡ ಮಕ್ಕಳ ಓದಿನ ಮೇಲೆ ಸೊನಾಲಿ ನಾಗ್ ಮಾಡಿದ ಸಂಶೋಧನೆ ಈ ಕಲಿಕೆ ನಾಲ್ಕನೇ, ಐದನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿದೆ. ಇಂಗ್ಲಿಷಿನ 26 ಅಕ್ಷರ ಒಂದನೇ ತರಗತಿಯಲ್ಲಿ ಮುಗಿಯುತ್ತವೆ ಎಂದು ಅದೇ ಗಡುವನ್ನು ಔರಾದಿನ ಮಗುವಿಗೂ ಹಾಕಿದರೆ ಮಗು ದಡ್ಡನೆಂದು ಕಾಣದೆ ಇನ್ನೇನು? ಅದರ ಮೇಲೆ ಆ ಮಗುವಿನ ಮನೆಯಲ್ಲಿ ಮರಾಠಿ, ಚಿಂಚೋಳಿಯ ತಾಂಡಾದಲ್ಲಿ ಲಂಬಾಣಿ, ಗುರುಮಠಕಲ್‌ನಲ್ಲಿ ತೆಲುಗು, ಕಲಬುರಗಿಯ ಓಣಿಯಲ್ಲಿ ದಖನಿ ಉರ್ದು.

ಇಷ್ಟನ್ನು ನಾನು ಹುಮನಾಬಾದಿನಲ್ಲಿ ಕಣ್ಣಾರೆ ಕಂಡಿದ್ದೆ, ಆದರೆ ವಾದವಾಗಿ ಹೇಳಲು ಬರುತ್ತಿರಲಿಲ್ಲ. ಲಂಡನ್ ಕೊಟ್ಟದ್ದು ಅದನ್ನು. ಹುಮನಾಬಾದಿನ ಆ ವರ್ಷಗಳು ಇಲ್ಲದಿದ್ದರೆ ಲಂಡನ್ನಿಗೆ ಕೊಡಲು ಏನೂ ಇರುತ್ತಿರಲಿಲ್ಲ. ಕೆಲಸ ಮಾಡದೆ ನೇರವಾಗಿ ಬಂದ ಸಹಪಾಠಿಗಳು ತುಂಬ ಬುದ್ಧಿವಂತರೇ, ಆದರೆ ಅವರ ಪ್ರಬಂಧಗಳಲ್ಲಿ ಮಕ್ಕಳು ಬರುತ್ತಲೇ ಇರಲಿಲ್ಲ.

ಇಂಟರ್ನ್‌ಶಿಪ್ ಬಗ್ಗೆ ನಾಳೆ ಬರೆಯುತ್ತೇನೆ. ಇವತ್ತು ಕರೆಂಟ್ ಹೋಗಿ ಬಂದು ಮಾಡುತ್ತಿದೆ.

ಸುರಪುರದವಳು:

ಅಕ್ಕ, ತುಂಬ ಧನ್ಯವಾದ. ಚಿಕ್ಕಮ್ಮನ ಮಾತನ್ನು ಅವ್ವನಿಗೆ ಓದಿ ಹೇಳಿದೆ. ‘ಅವಳೇ ಹೋಗಿ ಪಾಠ ಮಾಡಬೇಕಾಗಿತ್ತು’ ಎಂದಳು.

ಇಂಟರ್ನ್‌ಶಿಪ್ ಬಗ್ಗೆ ಖಂಡಿತ ಬರೆಯಿರಿ. ವಿಶ್ವವಿದ್ಯಾಲಯವೇ ಕೊಡಿಸುತ್ತದೆಯೇ, ನಾವೇ ಹುಡುಕಬೇಕೇ? ಇನ್ನೊಂದು ಪ್ರಶ್ನೆ, ಸಣ್ಣದು ಎನಿಸಿದರೆ ಕ್ಷಮಿಸಿ: ನಿಮ್ಮ ಇಂಗ್ಲಿಷ್ ಹೇಗಿತ್ತು? ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮ. ಓದಿದರೆ ಅರ್ಥವಾಗುತ್ತದೆ, ಮಾತು ಬರುವ ಹೊತ್ತಿಗೆ ಚರ್ಚೆ ಮುಂದೆ ಹೋಗಿರುತ್ತದೆ.

ಭಾಲ್ಕಿಯವಳು:

ಇಂಗ್ಲಿಷ್ ಮೊದಲು. ನಾನೂ ಕನ್ನಡ ಮಾಧ್ಯಮವೇ. ಐಇಎಲ್‌ಟಿಎಸ್ ಪರೀಕ್ಷೆ ಹೈದರಾಬಾದಿನಲ್ಲಿ ಬರೆದೆ, ವೀಸಾ ಕೇಂದ್ರವೂ ಅಲ್ಲೇ ಇದೆ. ಬೀದರಿನವರಿಗೆ ಬೆಂಗಳೂರಿಗಿಂತ ಎಷ್ಟೋ ವಾಸಿ. ಸೆಮಿನಾರಿನಲ್ಲಿ ಮಾತು ಹಿಡಿಯಲು ಒಂದು ಉಪಾಯ ಮಾಡಿದೆ: ಮೊದಲ ಐದು ನಿಮಿಷದಲ್ಲೇ, ಚರ್ಚೆ ಬಿರುಸಾಗುವ ಮುಂಚೆ, ಏನಾದರೂ ಒಂದು ಪ್ರಶ್ನೆ ಕೇಳಿಬಿಡುವುದು. ಆಮೇಲೆ ಅವರೇ ನಿಮ್ಮ ಕಡೆ ತಿರುಗಿ ಕೇಳುತ್ತಾರೆ. ಉಳಿದದ್ದು ಅಭ್ಯಾಸದಿಂದ ಬರುತ್ತದೆ, ಅದಕ್ಕಾಗಿ ನಿದ್ದೆಗೆಡಬೇಡಿ.

ಇಂಟರ್ನ್‌ಶಿಪ್. ಅಮೆರಿಕದ ಕೆಲವು ಕಡೆ, ಉದಾಹರಣೆಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಂಥದ್ದೇ ಸ್ನಾತಕೋತ್ತರ ಓದಿನಲ್ಲಿ, ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿ ಇಂಟರ್ನ್‌ಶಿಪ್ ಓದಿನ ಭಾಗವೇ ಆಗಿದೆ. ಬ್ರಿಟನ್ನಿನ ಒಂದು ವರ್ಷದ ಓದಿನಲ್ಲಿ ಹೆಚ್ಚಾಗಿ ನಾವೇ ಹುಡುಕಿಕೊಳ್ಳಬೇಕು. ಪ್ರವೇಶ ಪತ್ರ ಕೊಟ್ಟವರಿಗೆ ಇದನ್ನು ಇ-ಮೇಲ್‌ನಲ್ಲಿ ನೇರವಾಗಿ ಕೇಳಿ: ಕಳೆದ ವರ್ಷದ ವಿದ್ಯಾರ್ಥಿಗಳು ಎಲ್ಲೆಲ್ಲಿಗೆ ಹೋದರು, ಪ್ರಯಾಣದ ಖರ್ಚು ಯಾರು ಕೊಟ್ಟರು? ಹಾರಿಕೆಯ ಉತ್ತರ ಬಂದರೆ ಅದೇ ಉತ್ತರ.

ನಾನು ಕಳಿಸಿದ ಮನವಿಗಳಲ್ಲಿ ಬಹಳಷ್ಟಕ್ಕೆ ಜವಾಬೇ ಬರಲಿಲ್ಲ. ಜವಾಬು ಬಂದದ್ದು ಜಾಂಬಿಯಾದಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಯಿಂದ. ಅವರು ನನ್ನ ಲಂಡನ್ ಪದವಿಯ ಸಾಲನ್ನು ಓದಿದ್ದರೋ ಇಲ್ಲವೋ, ಅದರ ಕೆಳಗಿನ ಸಾಲನ್ನು ಓದಿದ್ದರು: ಬೀದರ್ ಜಿಲ್ಲೆಯಲ್ಲಿ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಗೆ ಸ್ವಯಂಸೇವಕಿಯಾಗಿ ಹೋಗಿದ್ದೆ. ನಿಮಗೆ ಗೊತ್ತಿರಬಹುದು, ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ, ಮನೆಯಲ್ಲಿ ಮಗುವನ್ನು ಕೂರಿಸಿಕೊಂಡು ಅಕ್ಷರ, ಪದ, ವಾಕ್ಯವೃಂದ, ಕಥೆ ಓದಿಸಿ ಯಾವ ಹಂತದಲ್ಲಿದೆ ಎಂದು ಬರೆದುಕೊಳ್ಳುವುದು.

ಜಾಂಬಿಯಾದ ಪೂರ್ವ ಪ್ರಾಂತ್ಯದ ಚಿಪಾಟಾಕ್ಕೆ ಹೋದಾಗ ಅಲ್ಲಿ ಚಳಿ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಬೀದರಿನ ಸೀರೆ-ಚೂಡಿದಾರ ತುಂಬಿಕೊಂಡು ಹೋದವಳು ಸಂತೆಯಲ್ಲಿ ಹಳೆಯ ಸ್ವೆಟರ್ ಕೊಂಡೆ. ಊಟಕ್ಕೆ ಮೆಕ್ಕೆಜೋಳದ ಹಿಟ್ಟಿನ ನಶೀಮಾ. ಮೈಸೂರಿನವರಾದರೆ ಮುದ್ದೆಯಂತಿದೆ ಎಂದು ಸಂಭ್ರಮಿಸುತ್ತಿದ್ದರು. ರೊಟ್ಟಿ ತಿಂದು ಬೆಳೆದ ನನಗೆ ಅದೂ ಹೊಸದೇ.

ಅಲ್ಲಿ ಸರ್ಕಾರಿ ಶಾಲೆಗಳಲ್ಲಿ ‘ಕ್ಯಾಚ್ ಅಪ್’ ಎಂಬ ಕಾರ್ಯಕ್ರಮ. 3ರಿಂದ 5ನೇ ತರಗತಿಯ ಮಕ್ಕಳನ್ನು ತರಗತಿ ನೋಡದೆ, ಎಷ್ಟು ಓದಬಲ್ಲರು ಎಂಬುದರ ಮೇಲೆ ಗುಂಪು ಮಾಡಿ ದಿನದಲ್ಲಿ ಸ್ವಲ್ಪ ಹೊತ್ತು ಬೇರೆಯೇ ಪಾಠ. ನೆಲದ ಮೇಲೆ ಸೀಮೆಸುಣ್ಣದಿಂದ ವೃತ್ತ ಬರೆದು, ಅದರೊಳಗೆ ಅಕ್ಷರ ಬರೆದು, ಮಕ್ಕಳು ಕುಪ್ಪಳಿಸುತ್ತ ಓದುವುದು. ಲೆಕ್ಕಕ್ಕೆ ಕಡ್ಡಿಗಳ ಕಟ್ಟು. ಮೊದಲ ದಿನ ನೋಡಿ ನಿಂತುಬಿಟ್ಟೆ. ಇದು 1995ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪ್ರಥಮ್ ಸಂಸ್ಥೆಯ ಪದ್ಧತಿ. ಅವರ ಕೆಲಸದ ಮೇಲೆ ಪ್ರಯೋಗ ನಡೆಸಿದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಅವರಿಗೆ ಮೈಕೆಲ್ ಕ್ರೆಮರ್ ಜೊತೆ 2019ರ ನೊಬೆಲ್ ಬಂತು. ನಮ್ಮ ದೇಶದ ಪದ್ಧತಿ ಸಮುದ್ರ ದಾಟಿ ಬಂದಿದೆ, ಅದನ್ನು ಕಲಿಯಲು ನಾನು ಲಂಡನ್ ಸುತ್ತಿ ಅಲ್ಲಿಗೆ ಹೋಗಿದ್ದೇನೆ!

ಶಿಕ್ಷಕರ ಕೊಠಡಿಯಲ್ಲಿ ನನ್ನನ್ನು ‘ಭಾರತದಿಂದ ಬಂದವರು, ಈ ಪದ್ಧತಿ ಅವರದೇ’ ಎಂದು ಪರಿಚಯಿಸಿದರು. ಒಬ್ಬ ಹಿರಿಯ ಶಿಕ್ಷಕಿ ನೆಟ್ಟಗೆ ನೋಡಿ, ‘ಹಾಗಾದರೆ ನಿಮ್ಮ ಊರಿನ ಮಕ್ಕಳೆಲ್ಲ ಓದುತ್ತಾರೆ’ ಎಂದರು. ಅದು ಪ್ರಶ್ನೆಯೋ ಅಭಿನಂದನೆಯೋ ತಿಳಿಯಲಿಲ್ಲ. ‘ಇಲ್ಲ. ರಾಜ್ಯದಲ್ಲಿ ಹತ್ತನೇ ತರಗತಿಯ ಫಲಿತಾಂಶ ಬಂದಾಗ ಪಟ್ಟಿಯ ಕೊನೆಯಲ್ಲಿ ನಮ್ಮ ಕಡೆಯ ಜಿಲ್ಲೆಗಳನ್ನು ಹುಡುಕಬೇಕು’ ಎಂದೆ. ಗುಳೆ ಹೋಗುವ ಮನೆಗಳ ವಿಷಯ, ತೊಗರಿ ಕೊಯ್ಲಿನಲ್ಲಿ ಖಾಲಿಯಾಗುವ ತರಗತಿಯ ವಿಷಯ ಹೇಳಿದೆ. ಆಕೆ ಜೋರಾಗಿ ನಕ್ಕರು. ‘ಇಷ್ಟು ದಿನ ಬಂದವರೆಲ್ಲ ತಮ್ಮ ಊರಿನಲ್ಲಿ ಎಲ್ಲ ಸರಿ ಇದೆ ಎನ್ನುವ ಮುಖ ಮಾಡಿಕೊಂಡೇ ಬಂದಿದ್ದರು’ ಎಂದರು. ಅಂದಿನಿಂದ ಹಾಜರಿ ಪುಸ್ತಕದ ನಿಜವಾದ ಲೆಕ್ಕ ನನ್ನೆದುರು ಬರತೊಡಗಿತು. (ಈ ಮಾತು ಹೇಳಿದ ಮೇಲೆ 2024ರಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ಎಸ್ಸೆಸ್ಸೆಲ್ಸಿಯಲ್ಲಿ ಕೊನೆಯ ಸ್ಥಾನಕ್ಕೆ ಬಂದವು. ಈಗ ಹೋದರೂ ಅದೇ ಉತ್ತರ ಹೇಳಬಹುದು.)

ಇನ್ನು ದಿನದ ಕೆಲಸ ಎಂದರೆ, ಹೆಚ್ಚು ಪಾಲು ಕಂಪ್ಯೂಟರಿನ ಮುಂದೆ. ಶಾಲೆಗಳಿಂದ ಬಂದ ಪರೀಕ್ಷೆಯ ಹಾಳೆಗಳನ್ನು ನಮೂದಿಸುವುದು, ತಪ್ಪು ಹುಡುಕುವುದು, ದಾನಿಗಳ ನಮೂನೆಯಲ್ಲಿ ವರದಿಯ ಕರಡು ಬರೆಯುವುದು. ಒಂದು ಶಾಲೆಯ ಹಾಳೆಯಲ್ಲಿ ಎಲ್ಲ ಮಕ್ಕಳೂ ಒಂದೇ ಅವಧಿಯಲ್ಲಿ ‘ಅಕ್ಷರ’ದಿಂದ ‘ಕಥೆ’ಗೆ ಏರಿದ್ದರು. ಅನುಮಾನ ಬರಲು ಲಂಡನ್ನಿನ ವಿದ್ಯೆ ಬೇಕಿರಲಿಲ್ಲ, ಬೀದರಿನ ಅನುಭವ ಸಾಕಾಗಿತ್ತು. ಹೋಗಿ ವಿಚಾರಿಸಿದರೆ, ಮೇಲಿನ ಕಚೇರಿಯಲ್ಲಿ ಶಾಲೆಗಳ ಶ್ರೇಯಾಂಕ ಪಟ್ಟಿ ತೂಗುಹಾಕಿದ್ದರು, ಕೆಳಗೆ ಬಂದ ಶಾಲೆಯ ಮುಖ್ಯ ಶಿಕ್ಷಕರಿಗೆ ಸಭೆಯಲ್ಲಿ ಮುಜುಗರ. ಬೈಯಲು ಮನಸ್ಸಾಗಲಿಲ್ಲ. ಆ ಪಟ್ಟಿಯನ್ನು ಗೋಡೆಯಿಂದ ತೆಗೆದರೆ ಅಂಕಿಗಳು ತಾವಾಗಿಯೇ ಸರಿಯಾಗುತ್ತವೆ ಎಂದು ಟಿಪ್ಪಣಿ ಬರೆದೆ. ತೆಗೆದರೋ ಇಲ್ಲವೋ ತಿಳಿಯುವ ಮುಂಚೆ ನನ್ನ ಅವಧಿ ಮುಗಿಯಿತು. ಇಂಟರ್ನ್ ಆದವರ ಪಾಡೇ ಹೀಗೆ.

ಪ್ರಬಂಧಕ್ಕೆ ವಿಷಯ ಸಿಕ್ಕಿದ್ದೂ ಅಲ್ಲೇ. ಅಲ್ಲಿ ಕೆಳಗಿನ ತರಗತಿಗಳಲ್ಲಿ ಚಿನ್ಯಾಂಜಾದಲ್ಲಿ ಪಾಠ. ಅದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಾರೆ, ಅಕ್ಷರ ಬೇಗ ಕೈಗೆ ಬರುತ್ತವೆ. ಆದರೆ ಪದಗಳು ನಮ್ಮ ಹಾಗೆಯೇ ಉದ್ದ, ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತವೆ. ಅಲ್ಲಿನ ಮಗು ಪದದಲ್ಲಿ ಸಿಕ್ಕಿಕೊಳ್ಳುತ್ತದೆ, ನಮ್ಮ ಮಗು ಅಕ್ಷರ ಮತ್ತು ಪದದ ನಡುವೆ, ಒತ್ತಕ್ಷರದಲ್ಲಿ. ಅಕ್ಷರ, ಪದ, ವಾಕ್ಯವೃಂದ, ಕಥೆ ಎಂಬ ನಾಲ್ಕು ಮೆಟ್ಟಿಲಿನ ಏಣಿಯಲ್ಲಿ ನಮ್ಮ ಈ ಮೆಟ್ಟಿಲೇ ಇಲ್ಲ. ಏಣಿ ಮಾಡಿದವರ ದೋಷವೆನ್ನಲಾರೆ, ಬೇಗ ಬೇಗ ಎಷ್ಟೋ ಮಕ್ಕಳನ್ನು ನೋಡಬೇಕಾದ ಸಮೀಕ್ಷೆಗೆ ಅಷ್ಟೇ ಸಾಧ್ಯ. ಆದರೆ ಶಿಕ್ಷಕಿಯ ಕೈಗೆ ಅದೇ ಏಣಿ ಕೊಟ್ಟು ಪಾಠ ಮಾಡು ಎಂದರೆ ಸಾಲದು.

ಚಿತ್ತಾಪುರದ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ):

ಮೇಡಂ ಬರೆದದ್ದು ಓದಿ ಖುಷಿಯಾಯಿತು. ಜಾಂಬಿಯಾದಲ್ಲಿ ನೋಡಿದ ಪದ್ಧತಿಯೇ ‘ಓದು ಕರ್ನಾಟಕ’ ಎಂದು ನಮ್ಮ 4 ಮತ್ತು 5ನೇ ತರಗತಿಗಳಿಗೂ ಬಂದಿತ್ತು. ತರಬೇತಿಯಲ್ಲಿ ನಾನೂ ವೃತ್ತದಲ್ಲಿ ಕುಪ್ಪಳಿಸಿದವನೇ, ಮಂಡಿ ನೋವು ಬಂದದ್ದು ಲಾಭ. ಚಿಕ್ಕ ತರಗತಿಗಳಲ್ಲಿ ಚಟುವಟಿಕೆಯಿಂದ ಕಲಿಸುವ ನಲಿ ಕಲಿಯೂ ಹಾಗೆಯೇ, ಬೇರೆ ಕಡೆಯಿಂದ ಬಂದದ್ದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ಬೆಂಬಲದಿಂದ, ಆಂಧ್ರದ ರಿಷಿ ವ್ಯಾಲಿ ಶಾಲೆಯನ್ನು ನೋಡಿ ಬಂದ ಶಿಕ್ಷಕರು ಶುರು ಮಾಡಿದ್ದು, ಆಮೇಲೆ ರಾಜ್ಯವೆಲ್ಲ ಹರಡಿತು.

ನನ್ನದು ಆ ಕಡೆಯ ಮಾತಲ್ಲ, ಈ ಕಡೆಯದು. ಇಂಟರ್ನ್‌ಗಳು ನಮ್ಮ ಕ್ಲಸ್ಟರಿನ ಶಾಲೆಗಳಿಗೂ ಬರುತ್ತಾರೆ, ಬೆಂಗಳೂರಿನವರು, ದೆಹಲಿಯವರು, ಒಮ್ಮೆ ಹೊರದೇಶದವರೂ. ಒಳ್ಳೆಯ ಮಕ್ಕಳು. ಆದರೆ ಬರುವುದು ಫೆಬ್ರುವರಿ-ಮಾರ್ಚ್‌ನಲ್ಲಿ, ನಾವು ಪರೀಕ್ಷೆಯ ತಯಾರಿಯಲ್ಲಿ ತಲೆಯೆತ್ತದೆ ಇರುವಾಗ. ಟ್ಯಾಬ್ ಹಿಡಿದು ‘ಸರ್, ಬರೀ ಹತ್ತು ನಿಮಿಷ’ ಎನ್ನುತ್ತಾರೆ. ಗುಳೆ ಹೋಗಿ ಬಂದ ಮಕ್ಕಳನ್ನು ಹುಡುಕಿ ಇಲಾಖೆಯ ವಿದ್ಯಾರ್ಥಿ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಸೇರಿಸಲು ನಾವು ಮನೆ ಮನೆ ಅಲೆಯುವ ಜೂನ್ ತಿಂಗಳಲ್ಲಿ ಒಬ್ಬರೂ ಬಂದದ್ದು ನೋಡಿಲ್ಲ. ಆಗ ಬಂದರೆ ಅವರಿಗೂ ನಿಜ ತಿಳಿಯುತ್ತದೆ, ನಮಗೂ ಒಂದು ಜೊತೆ ಕಾಲು ಸಿಗುತ್ತದೆ. ಹೋದ ಮೇಲೆ ವರದಿಯನ್ನೂ ಕಳಿಸುವುದಿಲ್ಲ. ನಮ್ಮ ಶಾಲೆಯ ಬಗ್ಗೆ ಏನು ಬರೆದರು ಎಂದು ನಮಗೇ ಗೊತ್ತಿಲ್ಲ.

ಸುರಪುರದ ಮೇಡಂ, ನೀವು ಓದಿ ಬಂದರೆ ಅಥವಾ ಇಲ್ಲೇ ಇಂಟರ್ನ್ ಆದರೆ, ದಯವಿಟ್ಟು ಜೂನ್‌ನಲ್ಲಿ ಬನ್ನಿ.

ನಿವೃತ್ತ ಹೆಡ್‌ಮಾಸ್ತರ್, ಚಿಂಚೋಳಿ:

ತಾಯಿ, ನಾನು ಹಳೆಯ ಕಾಲದವನು, ಬ್ರಿಟನ್ನಿನ ವಿಷಯ ತಿಳಿಯದು. 1990ರ ದಶಕದಲ್ಲಿ ಡಿಪಿಇಪಿ, ಅಂದರೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಬಂತು, ವಿಶ್ವಬ್ಯಾಂಕಿನ ಹಣ. ನಮ್ಮ ಶಾಲೆಗೆ ಎರಡು ಕೊಠಡಿ ಆದವು, ಶಿಕ್ಷಕರಿಗೆ ತರಬೇತಿ ಆಯಿತು, ಕಲಿಕೋಪಕರಣ ಮಾಡಲು ವರ್ಷಕ್ಕೆ ಐದು ನೂರು ರೂಪಾಯಿ ಕೊಟ್ಟರು. ನೋಡಲು ಬಂದ ತಂಡದಲ್ಲಿ ಒಬ್ಬ ಹೆಣ್ಣುಮಗಳಿದ್ದಳು, ಕನ್ನಡ ಬರುತ್ತಿರಲಿಲ್ಲ. ಅಧಿಕಾರಿ ನಮ್ಮ ಮಾತನ್ನು ಅವಳಿಗೆ ಹೇಳುವಾಗ ಕುಂದುಕೊರತೆ ಎಲ್ಲ ಬಿಟ್ಟು ಹೇಳುತ್ತಿದ್ದುದು ನನಗೆ ತಿಳಿಯುತ್ತಿತ್ತು, ನನಗೂ ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು. ಸುಮ್ಮನಿದ್ದೆ, ವರ್ಗಾವಣೆಯ ಭಯ. ಆ ಕುರ್ಚಿಯಲ್ಲಿ ನಮ್ಮ ಭಾಷೆ ಬರುವವಳು ಕುಳಿತಿದ್ದರೆ ಎಂದು ಈಗಲೂ ಅನಿಸುತ್ತದೆ. ಹೋಗು. ಆದರೆ ಹೊಲ ಅಡವಿಟ್ಟು ಹೋಗಬೇಡ.

ಶಹಾಪುರದಿಂದ:

ಹೆಡ್‌ಮಾಸ್ತರ್ ಹೇಳಿದ ಎರಡನೇ ವಾಕ್ಯಕ್ಕೆ ನನ್ನ ಸಹಿ.

ಮೊದಲನೆಯದಕ್ಕೆ ಒಂದು ತಕರಾರು. ಆ ಕುರ್ಚಿಗೆ ಹೋಗಲು ಬ್ರಿಟನ್ನೇ ಆಗಬೇಕೆಂದಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ಎಂ.ಎ. ಇದೆ, ಅಭಿವೃದ್ಧಿಯ ಎಂ.ಎ. ಇದೆ, ಮನೆಯ ಆದಾಯ ನೋಡಿ ಶುಲ್ಕದಲ್ಲಿ ನೆರವು ಕೊಡುತ್ತಾರೆ. ಅದರ ಹಿಂದಿರುವ ಅಜೀಂ ಪ್ರೇಮ್‌ಜಿ ಫೌಂಡೇಶನ್ ಎರಡು ದಶಕಗಳಿಂದ ನಿಮ್ಮ ಸುರಪುರದ ಶಾಲೆಗಳಲ್ಲೇ ಕೆಲಸ ಮಾಡುತ್ತಿದೆ.

ಸುರಪುರದವಳು:

ಅವರ ಕಲಿಕಾ ಕೇಂದ್ರಕ್ಕೆ ನಾನು ಹೋಗುತ್ತಿರುತ್ತೇನೆ ಅಣ್ಣ, ಗೊತ್ತು. ಒಂದು ಎಂ.ಎ. ಈಗಾಗಲೇ ಇಲ್ಲೇ ಆಗಿದೆ. ಇನ್ನೊಂದು ಮಾಡುವುದಾದರೆ ಮಲಾವಿಯವರ ಪಕ್ಕ ಕುಳಿತು ಮಾಡಬೇಕೆಂಬ ಆಸೆ. ಆಸೆಗೆ 40 ಲಕ್ಷ ಸಾಲ ಕೊಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ, ಅಪ್ಪನಿಗೂ ಹೇಳಿದೆ. ಅವರು ಏನೂ ಹೇಳಲಿಲ್ಲ, ಆದರೆ ಆ ದಿನ ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದರು.

ಪ್ರವೇಶವನ್ನು ಒಂದು ವರ್ಷ ಮುಂದೂಡಲು ಕೇಳುತ್ತೇನೆ. ಅಕ್ಕ, ವಿದ್ಯಾರ್ಥಿವೇತನಕ್ಕೆ ಅತಿಥಿ ಶಿಕ್ಷಕಿಯ ಕೆಲಸವನ್ನು ಅನುಭವವೆಂದು ಪರಿಗಣಿಸುತ್ತಾರೆಯೇ?

ಭಾಲ್ಕಿಯವಳು:

ಪರಿಗಣಿಸುತ್ತಾರೆ, ಕಾಗದ ಇದ್ದರೆ. ಬ್ರಿಟನ್ ಸರ್ಕಾರದ ವಿದ್ಯಾರ್ಥಿವೇತನವಾದ ಚೀವ್ನಿಂಗ್‌ಗೆ ಕನಿಷ್ಠ 2,800 ಗಂಟೆಗಳ ಕೆಲಸದ ಅನುಭವ ಬೇಕು, ಸುಮಾರು ಎರಡು ವರ್ಷದ್ದು. ಓದು ಮುಗಿದ ಮೇಲೆ ಎರಡು ವರ್ಷ ದೇಶದಲ್ಲಿ ಇರಬೇಕೆಂಬ ಷರತ್ತೂ ಇದೆ, ನಿಮಗೆ ಅದು ತೊಂದರೆಯೇ ಅಲ್ಲ. ಅರ್ಜಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ತೆರೆಯುತ್ತದೆ. ಕಾಮನ್‌ವೆಲ್ತ್‌ನದು ಅದರ ಆಸುಪಾಸಿನಲ್ಲಿ ಶುರುವಾಗುತ್ತದೆ, ಎರಡನ್ನೂ ಹಾಕಿ. ಪರಿಶಿಷ್ಟ ಜಾತಿ ಅಥವಾ ಭೂರಹಿತ ಕೃಷಿ ಕಾರ್ಮಿಕರ ಮನೆಯವರು ಇದನ್ನು ಓದುತ್ತಿದ್ದರೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ, ಪರಿಶಿಷ್ಟರಿಗೆ ರಾಜ್ಯದ ಪ್ರಬುದ್ಧ ಯೋಜನೆ, ಇವನ್ನು ಮೊದಲು ನೋಡಿ.

ಮುಂದೂಡಿಕೆ ಸಿಕ್ಕಿತೆಂದು ಸುಮ್ಮನಿರಬೇಡಿ, ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಹಾಗೆಯೇ ಉಳಿಸಿಕೊಡುವುದಿಲ್ಲ. ಲಿಖಿತವಾಗಿ ತೆಗೆದುಕೊಳ್ಳಿ. ಈ ಜೂನ್‌ನಲ್ಲಿ ಚಿತ್ತಾಪುರದ ಸರ್ ಹೇಳಿದ ಮನೆ ಮನೆ ಅಲೆದಾಟವನ್ನು ನಿಮ್ಮ ಕ್ಲಸ್ಟರಿನಲ್ಲೇ ಮಾಡಿ, ದಿನಚರಿ ಬರೆದಿಡಿ; ಅರ್ಜಿಯ ಪ್ರಬಂಧಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ಯುನಿಸೆಫ್‌ನ ಹೈದರಾಬಾದ್ ಕಚೇರಿ ಕರ್ನಾಟಕವನ್ನೂ ನೋಡಿಕೊಳ್ಳುತ್ತದೆ, ಅಲ್ಲಿನ ಪ್ರಕಟಣೆಗಳ ಮೇಲೂ ಕಣ್ಣಿರಲಿ.

ಅತಿಥಿ ಶಿಕ್ಷಕಿಯ ನೇಮಕ ಆದೇಶ ವರ್ಷ ವರ್ಷವೂ ಬೇರೆ. ಪ್ರತಿ ವರ್ಷದ್ದಕ್ಕೂ ಮುಖ್ಯ ಶಿಕ್ಷಕರಿಂದ ಸೇವಾ ಪ್ರಮಾಣಪತ್ರ ಬರೆಸಿಕೊಳ್ಳಿ, ವಾರಕ್ಕೆ ಎಷ್ಟು ಗಂಟೆ ಎಂಬುದು ಅದರಲ್ಲಿ ಇರಲಿ, ಮೊಹರು ಮತ್ತು ಸಹಿ ಸ್ಪಷ್ಟವಾಗಿರಲಿ. ವರ್ಗಾವಣೆ ಶುರುವಾಗುವ ಮುಂಚೆ ಮಾಡಿಸಿ.